ಕಲಿತು ಬಂದ ಇಂಗ್ಲಿಷು

ಮೇಷ್ಟ್ರು: ಒಂದು ವಿಷಯ ನನಗೆ ಇನ್ನೂ ಬಗೆಹರಿದಿಲ್ಲ ಕಣಮ್ಮ. ಜಪಾನಿನವರಿಗೆ ಇಂಗ್ಲಿಷ್ ಬೇಕು ಅಂದ್ರೆ ಇಂಗ್ಲೆಂಡಿಂದಲೋ ಅಮೆರಿಕದಿಂದಲೋ ಮೇಷ್ಟ್ರನ್ನ ಕರೆಸಿಕೊಳ್ತಾರೆ. ಅರಸೀಕೆರೆಯಲ್ಲಿ ನನ್ನ ಹತ್ತಿರ ಓದಿದವಳನ್ನ ಹೇಗೆ ಒಪ್ಪಿಕೊಂಡರು?

ಶಿಷ್ಯೆ: ಎಲ್ಲರೂ ಒಪ್ಪಿಕೊಳ್ಳಲಿಲ್ಲ ಸರ್. ಜಪಾನೀ ಭಾಷೆ ಓದೋಕೆ ಅಂತ ಹೋದವಳು, ಓದು ಮುಗಿದ ಮೇಲೆ ಖಾಸಗಿ ಇಂಗ್ಲಿಷ್ ಕ್ಲಾಸುಗಳಿಗೆ ಅರ್ಜಿ ಹಾಕಿದೆ. ಒಂದು ಕಡೆಯವರು ಫೋನಿನಲ್ಲಿ ಬಹಳ ಸೌಜನ್ಯದಿಂದ ಮಾತಾಡಿದರು. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿಕೊಂಡ ಮೇಲೆ ಮತ್ತೆ ಫೋನೇ ಬರಲಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು ಶಿಮಾನೆ ಪ್ರಾಂತ್ಯದಲ್ಲಿ, ಮತ್ಸುಎ ನಗರದ ಹತ್ತಿರ ಒಂದು ಸಣ್ಣ ಊರಲ್ಲಿ. ಊರಿನ ಶಿಕ್ಷಣ ಮಂಡಳಿಯವರೇ ನೇರವಾಗಿ ತಗೊಂಡರು. ಹಗಲು ಶಾಲೆ ಮಕ್ಕಳಿಗೆ, ವಾರಕ್ಕೊಂದು ಸಂಜೆ ದೊಡ್ಡವರಿಗೆ ಪಾಠ.

ಮೇಷ್ಟ್ರು: ಮಂಡಳಿಯವರಿಗೆ ನಿನ್ನ ಪಾಸ್‌ಪೋರ್ಟ್ ಅಡ್ಡಿಯಾಗಲಿಲ್ಲವೋ?

ಶಿಷ್ಯೆ: ಇಲ್ಲ. ಅಲ್ಲಿ ಶಾಲೆಯಲ್ಲಿ ಭಾಷೆ ಕಲಿಸೋ ವಿದೇಶಿಯರ ವೀಸಾಕ್ಕೆ ಇರೋ ನಿಯಮ ದೇಶದ್ದಲ್ಲ, ಓದಿನದ್ದು. ಆ ಭಾಷೆಯಲ್ಲೇ 12 ವರ್ಷ ಶಿಕ್ಷಣ ಪಡೆದಿರಬೇಕು ಅಂತ. ನಮ್ಮ ಸ್ಕೂಲಿನ ಬೋರ್ಡಿನ ಮೇಲೆ ಇಂಗ್ಲಿಷ್ ಮೀಡಿಯಂ ಅಂತ ಇತ್ತಲ್ಲ, ಅದು ನನ್ನ ಕೈ ಹಿಡೀತು. ಪಕ್ಕದ ದಕ್ಷಿಣ ಕೊರಿಯಾದಲ್ಲಿ ಬೇರೆ ಥರ. ಅಲ್ಲಿ ಈ ಕೆಲಸದ ವೀಸಾ ಏಳು ದೇಶದವರಿಗೆ ಮಾತ್ರ. ಭಾರತದವರಿಗೆ ಸ್ವಲ್ಪ ಬಾಗಿಲು ತೆರೆದದ್ದು 2010ರ ಜನವರಿಯಲ್ಲಿ ಎರಡೂ ದೇಶಗಳ ನಡುವಿನ ಆರ್ಥಿಕ ಒಪ್ಪಂದ ಜಾರಿಗೆ ಬಂದ ಮೇಲೆ. ಜಪಾನಿನಲ್ಲೂ ಮೊದಮೊದಲು ನೀವು ಹೇಳಿದ ಹಾಗೇ ಇತ್ತು. ಸರ್ಕಾರ 1987ರಲ್ಲಿ ಜೆಟ್ ಅನ್ನೋ ಯೋಜನೆ ಶುರುಮಾಡಿ ವಿದೇಶದಿಂದ ಯುವಕ ಯುವತಿಯರನ್ನ ಶಾಲೆಗಳಿಗೆ ಕರೆಸಿಕೊಳ್ತು. ಮೊದಲ ವರ್ಷ ಬಂದ 848 ಜನ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು, ಅಷ್ಟೇ. ಈಗ ಜಮೈಕಾದವರು, ಫಿಲಿಪ್ಪೀನ್ಸಿನವರು, ದಕ್ಷಿಣ ಆಫ್ರಿಕಾದವರು ಎಲ್ಲ ಇದ್ದಾರೆ.

ಮೇಷ್ಟ್ರು: ಸರಿ, ಬೆಳಗ್ಗೆ ಹೋದಾಗಿನಿಂದ ಹೇಳು. ಅಲ್ಲಿನ ಸ್ಕೂಲು ಹೇಗಿರುತ್ತೆ?

ಶಿಷ್ಯೆ: ಬಾಗಿಲಲ್ಲೇ ಹೊರಗಿನ ಚಪ್ಪಲಿ ಬಿಟ್ಟು ಒಳಗಿನ ಶೂ ಹಾಕ್ಕೋಬೇಕು. ಮಕ್ಕಳು, ಮೇಷ್ಟ್ರುಗಳು, ಎಲ್ಲರೂ. ಆಮೇಲೆ ಸ್ಟಾಫ್ ರೂಮಲ್ಲಿ ಬೆಳಗಿನ ಸಭೆ. ನನ್ನದು ಒಂದೇ ಸ್ಕೂಲಲ್ಲ. ಸೋಮವಾರ ಒಂದು, ಮಂಗಳವಾರ ಇನ್ನೊಂದು, ಹೀಗೆ ಸುತ್ತುತಾ ಇರ್ತೀನಿ. ಶಿಮಾನೆಯಲ್ಲಿ ವಯಸ್ಸಾದವರೇ ಜಾಸ್ತಿ, ಹಳ್ಳಿ ಕಡೆ ಮಕ್ಕಳು ಬಹಳ ಕಡಿಮೆ. ಬೆಟ್ಟದ ಬುಡದ ಒಂದು ಸ್ಕೂಲಲ್ಲಿ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು ಒಂದೇ ಕೋಣೆಯಲ್ಲಿ ಕೂರ್ತವೆ. ಪೀರಿಯಡ್ಡು 45 ನಿಮಿಷ. ಐದು, ಆರನೇ ಕ್ಲಾಸಿಗೆ ಇಂಗ್ಲಿಷ್ ಕಡ್ಡಾಯವಾದದ್ದು 2011ರಲ್ಲಿ, ಅದೂ ಚಟುವಟಿಕೆ ಅನ್ನೋ ಹೆಸರಲ್ಲಿ. 2020ರ ಏಪ್ರಿಲ್‌ನಿಂದ ಆ ಎರಡು ಕ್ಲಾಸಿಗೆ ಅದು ಪೂರ್ಣ ಪ್ರಮಾಣದ ವಿಷಯ ಆಯ್ತು, ವರ್ಷಕ್ಕೆ 70 ಪೀರಿಯಡ್ಡು. ಮೂರು, ನಾಲ್ಕಕ್ಕೆ 35.

ಮೇಷ್ಟ್ರು: ವಾರಕ್ಕೊಂದು ಪೀರಿಯಡ್ಡಿನಲ್ಲಿ ಏನು ಕಲಿಸೋಕಾಗುತ್ತೆ?

ಶಿಷ್ಯೆ: ಭಾಷೆ ಕಲಿಸೋಕಾಗಲ್ಲ. ಬಾಯಿ ಬಿಡೋದನ್ನ ಕಲಿಸಬಹುದು. ಪ್ರೈಮರಿಯಲ್ಲಿ ಪಾಠದ ಜವಾಬ್ದಾರಿ ಕ್ಲಾಸ್ ಟೀಚರದ್ದು, ನಾನು ಸಹಾಯಕಿ. ಲೆಕ್ಕ, ಈಜು, ಸಂಗೀತ, ಇಂಗ್ಲಿಷು, ಬಹುಪಾಲು ಎಲ್ಲಾ ಅವರೇ ಮಾಡಬೇಕು. ಅವರಲ್ಲಿ ಎಷ್ಟೋ ಜನ ಟೀಚರ್ ಆದಾಗ ಇಂಗ್ಲಿಷ್ ಕಲಿಸಬೇಕಾಗುತ್ತೆ ಅಂತ ಅಂದುಕೊಂಡವರೇ ಅಲ್ಲ. ಕೆಲವರು ಎಲ್ಲವನ್ನೂ ನನಗೆ ಬಿಟ್ಟು ಹಿಂದೆ ನಿಂತುಬಿಡ್ತಾರೆ. ಆದರೆ ಐವತ್ತು ದಾಟಿದ ಒಬ್ಬ ಟೀಚರ್ ಇದ್ದಾರೆ. ಅವರು ಮಕ್ಕಳ ಎದುರಿಗೇ ನನ್ನ ಹತ್ತಿರ ತಡವರಿಸಿಕೊಂಡು ಇಂಗ್ಲಿಷಲ್ಲಿ ಮಾತಾಡ್ತಾರೆ. ಪದ ಸಿಗದಿದ್ದರೆ ಕೈಸನ್ನೆ ಮಾಡ್ತಾರೆ, ತಪ್ಪಿದರೆ ಮತ್ತೆ ಹೇಳ್ತಾರೆ. ನಾನು ಸುತ್ತೋ ಸ್ಕೂಲುಗಳಲ್ಲೆಲ್ಲ ಅತಿ ಹೆಚ್ಚು ಮಾತಾಡೋ ಮಕ್ಕಳು ಅವರ ಕ್ಲಾಸಿನವರು. ಎದುರಿಗಿರೋ ದೊಡ್ಡವರೇ ಕಷ್ಟಪಟ್ಟು ಮಾತಾಡೋದನ್ನ ನೋಡಿದ ಮಗುವಿಗೆ ತಾನೂ ಮಾತಾಡಬಹುದು ಅನ್ಸುತ್ತೆ. ಇಂಗ್ಲೆಂಡಿನಿಂದ ಬಂದವರು ಎಷ್ಟೇ ಚೆನ್ನಾಗಿ ಮಾತಾಡಲಿ, ಈ ಧೈರ್ಯ ಅವರಿಂದ ಬರಲ್ಲ.

ಮೇಷ್ಟ್ರು: ಊಟ? ನೀನು ಮೀನು ಮಾಂಸ ಮುಟ್ಟದವಳು.

ಶಿಷ್ಯೆ: ಅಲ್ಲಿ ಸ್ಕೂಲಲ್ಲೇ ಊಟ. ಬಿಳಿ ಏಪ್ರನ್ನು, ಬಿಳಿ ಟೋಪಿ ಹಾಕ್ಕೊಂಡು ಮಕ್ಕಳೇ ಪಾತ್ರೆ ತರ್ತಾರೆ, ಮಕ್ಕಳೇ ಬಡಿಸ್ತಾರೆ. ಜೊತೆಗೊಂದು ಹಾಲಿನ ಪೊಟ್ಟಣ. ತರಕಾರಿ ಸಾರು ಅಂದ್ರೂ ಅದಕ್ಕೆ ಒಣಮೀನಿನ ಕಷಾಯ ಬಿದ್ದಿರುತ್ತೆ. ಹಾಗಾಗಿ ಹೆಡ್‌ಮಾಸ್ಟರ ಅನುಮತಿ ಪಡೆದು ನಾನು ಡಬ್ಬಿ ತಗೊಂಡು ಹೋಗ್ತೀನಿ. ಆ ಡಬ್ಬಿ ನನ್ನ ಅತ್ಯುತ್ತಮ ಪಾಠೋಪಕರಣ ಸರ್. ಮುಚ್ಚಳ ತೆಗೆದ ತಕ್ಷಣ ನಾಲ್ಕೈದು ತಲೆ ಬಗ್ಗಿರುತ್ತೆ. ಚಿತ್ರಾನ್ನ ನೋಡಿ ಇದು ಯಾಕೆ ಹಳದಿ, ಖಾರನಾ, ದಿನಾ ಇದೇನಾ, ಯಾರು ಮಾಡಿದ್ದು? ಬೆಳಗ್ಗೆ ಕ್ಲಾಸಲ್ಲಿ ಇದೇ ಪ್ರಶ್ನೆಗಳನ್ನ ಚಿತ್ರದ ಕಾರ್ಡು ಹಿಡಿದು ಕೇಳಿಸಿದ್ರೆ ಒಬ್ಬರೂ ಮನಸಾರೆ ಕೇಳಿರಲ್ಲ. ಇಲ್ಲಿ ನಿಜವಾಗಿ ತಿಳ್ಕೋಬೇಕಾಗಿದೆ, ಅದಕ್ಕೇ ಮಾತು ಬರುತ್ತೆ. ಊಟ ಆದ ಮೇಲೆ ಎಲ್ಲರೂ ಸೇರಿ ಗುಡಿಸಿ ಒರೆಸ್ತೀವಿ. ನೆಲ ಒರೆಸೋ ಬಟ್ಟೆ ಹಿಡಿದು ಕಾರಿಡಾರ್ ಉದ್ದಕ್ಕೂ ಓಡ್ತಾ ಒರೆಸೋದು ಮಕ್ಕಳಿಗೆ ಆಟ. ಒನ್, ಟೂ, ತ್ರೀ ಅಂತ ಓಟ ಶುರುಮಾಡಿಸೋದು ನಾನು.

ಮೇಷ್ಟ್ರು: ಬರೆಯೋದು ಓದೋದು?

ಶಿಷ್ಯೆ: ಅದನ್ನೇ ಹೇಳಬೇಕು ಅಂತಿದ್ದೆ. ಆರನೇ ಕ್ಲಾಸಿನ ಹುಡುಗನೊಬ್ಬನ ಪುಸ್ತಕ ತೆಗೆದು ನೋಡಿದ್ರೆ ಪ್ರತಿ ಇಂಗ್ಲಿಷ್ ಪದದ ಮೇಲೂ ಪೆನ್ಸಿಲಿನಲ್ಲಿ ಚಿಕ್ಕದಾಗಿ ಅವರ ಕತಕನ ಲಿಪಿ. ಸಾಲು ಸಾಲೂ ಹಾಗೇ. ನನಗೆ ನಮ್ಮ ಊರಿನ ಕನ್ನಡ ಮೀಡಿಯಂ ಹುಡುಗರ ಪುಸ್ತಕ ಕಣ್ಣೆದುರು ಬಂತು. ಅವರೂ ಸಾಲಿನ ಮೇಲೆ ಕನ್ನಡದಲ್ಲಿ ‘ದಿಸ್ ಈಸ್ ಮೈ ಸ್ಕೂಲ್’ ಅಂತ ಬರ್ಕೋತಾ ಇದ್ದರು.

ಮೇಷ್ಟ್ರು: ಬರ್ಕೋತಾ ಇದ್ರು. ನಾನು ಬೇಡ ಅಂತಿರಲಿಲ್ಲ. ದೀಪಾವಳಿವರೆಗೆ ಬರ್ಕೊಳ್ಳಿ, ಆಮೇಲೆ ಅಳಿಸಬೇಕು ಅಂತಿದ್ದೆ.

ಶಿಷ್ಯೆ: ಅದು ನನಗೆ ಗೊತ್ತು ಸರ್, ನಾನೂ ಅದೇ ಮಾಡ್ತೀನಿ. ಆದರೆ ಅಲ್ಲಿ ಒಂದು ತೊಡಕಿದೆ. ಕನ್ನಡದಲ್ಲಿ ಒತ್ತಕ್ಷರ ಇದೆ, ಅರ್ಧಾಕ್ಷರ ಇದೆ. ‘ಸ್ಟ್ರೈಕ್’ ಅಂತ ಬರೆದ್ರೆ ಇಂಗ್ಲಿಷಿನ ಹತ್ತಿರಕ್ಕೆ ಬರುತ್ತೆ. ಕತಕನದಲ್ಲಿ ಅನುಸ್ವಾರದಂಥ ಒಂದು ಅಕ್ಷರ ಬಿಟ್ಟರೆ ಪ್ರತಿ ವ್ಯಂಜನಕ್ಕೂ ಸ್ವರ ಅಂಟಿಕೊಂಡಿರುತ್ತೆ. ಅದನ್ನ ‘ಸು-ತೊ-ರ-ಇ-ಕು’ ಅಂತ ಬರೀಬೇಕು. ಒಂದು ಉಸಿರಿನ ಪದ ಐದು ತುಂಡಾಗುತ್ತೆ. ಮಗು ಬರೆದ ಹಾಗೇ ಓದುತ್ತೆ, ಓದಿದ ಹಾಗೇ ಕಿವಿ ರೂಢಿಯಾಗುತ್ತೆ. ಆಮೇಲೆ ವಿದೇಶಿಯರು ಆ ಪದ ಹೇಳಿದ್ರೆ ಅದು ಇದೇ ಅಂತ ಗೊತ್ತೇ ಆಗಲ್ಲ. ಬಾಯಿಮಾತಿನಲ್ಲಿ ನಾವೂ ಅದನ್ನೇ ಮಾಡ್ತೀವಲ್ಲ? ಬಸ್ಸು, ಪೆನ್ನು, ಕಾರು. ಕೊನೆಗೊಂದು ಸ್ವರ ಇಲ್ಲದಿದ್ದರೆ ನಮ್ಮ ನಾಲಿಗೆಗೂ ಸಮಾಧಾನ ಇಲ್ಲ. ಆ ಹುಡುಗನ ಕಷ್ಟ ಎಲ್ಲಿಂದ ಬರ್ತಿದೆ ಅಂತ ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಬೇಕಾಗಲಿಲ್ಲ. ಚಪ್ಪಾಳೆ ಹೊಡೆಸ್ತೀನಿ. ನೀನು ಹೇಳಿದ್ದಕ್ಕೆ ಎಷ್ಟು ಚಪ್ಪಾಳೆ, ನಾನು ಹೇಳಿದ್ದಕ್ಕೆ ಎಷ್ಟು? ಐದು, ಒಂದು. ಅಲ್ಲಿಗೆ ಅವನಿಗೇ ಗೊತ್ತಾಗುತ್ತೆ.

ಮೇಷ್ಟ್ರು: ಅವರಿಗೆ ರ, ಲ ಎರಡೂ ಒಂದೇ ಅಂತ ಕೇಳಿದೀನಿ.

ಶಿಷ್ಯೆ: ಹೌದು, ಕಿವಿಗೇ ಬೇರೆಬೇರೆ ಅನ್ಸಲ್ಲ. ನಮ್ಮವರು ತುಂಬ ಜನಕ್ಕೆ ಬನಿಯನ್ನಿನ ‘ವೆಸ್ಟ್’, ಪಶ್ಚಿಮದ ‘ವೆಸ್ಟ್’ ಎರಡೂ ಒಂದೇ ಅಲ್ವಾ, ಹಾಗೆ. ನಿಮ್ಮ ಕ್ಲಾಸಲ್ಲಿ ತುಟಿ ಕಚ್ಚಿ ಒಂದು ಸಲ, ತುಟಿ ದುಂಡಗೆ ಮಾಡಿ ಒಂದು ಸಲ ಹೇಳಿಸ್ತಿದ್ರಿ. ನಾನು ಅಲ್ಲಿ ಬೋರ್ಡಿನ ಮೇಲೆ ನಾಲಿಗೆ ಚಿತ್ರ ಬರೀತೀನಿ. ತುದಿ ಹಲ್ಲಿನ ಹಿಂದೆ ತಗುಲಿ ನಿಂತರೆ ಒಂದು, ಎಲ್ಲೂ ತಗುಲದೆ ಹಿಂದಕ್ಕೆ ಸರಿದರೆ ಇನ್ನೊಂದು. ಹುಟ್ಟಿನಿಂದಲೇ ಆ ಭಾಷೆ ಆಡಿದವರಿಗೆ ತಮ್ಮ ನಾಲಿಗೆ ಎಲ್ಲಿದೆ ಅಂತ ನೋಡಿಕೊಳ್ಳೋ ಪ್ರಸಂಗವೇ ಬಂದಿರಲ್ಲ. ‘ನಾನು ಹೇಳಿದ ಹಾಗೆ ಹೇಳು’ ಅಂತ ಹತ್ತು ಸಲ ಹೇಳಿ ಸುಮ್ಮನಾಗ್ತಾರೆ.

ಮೇಷ್ಟ್ರು: ನಿಲ್ಲಿಸು. ನಿನ್ನ ಕಡೆಯ ವಾದವನ್ನ ನೀನೇ ಮಾಡ್ತಾ ಇದೀಯ. ಮಗುವಿನ ಕಿವಿಗೆ ಮೊದಲು ಬೀಳೋದು ಶುದ್ಧವಾದ ಉಚ್ಚಾರಣೆ ಆಗಿರಬೇಡವೇ? ನಮ್ಮಂಥವರು ಕಲಿಸಿದ್ರೆ ನಮ್ಮ ತಪ್ಪೂ ಅವರಿಗೆ ಹೋಗುತ್ತೆ.

ಶಿಷ್ಯೆ: ಹೋಗುತ್ತೆ, ಇಲ್ಲ ಅನ್ನಲ್ಲ. ಕಿವಿಗೆ ಬೇಕಾದ್ದನ್ನ ಕೇಳಿಸೋಕೆ ಪಠ್ಯಪುಸ್ತಕದ ಜೊತೆಗೇ ಧ್ವನಿಮುದ್ರಣ ಬರುತ್ತೆ, ದಿನಾ ಕೇಳಿಸ್ತೀನಿ. ಆದರೆ ಆ ಮಕ್ಕಳು ಮುಂದೆ ಇಂಗ್ಲಿಷ್ ಮಾತಾಡೋದು ಯಾರ ಜೊತೆ? ವಿಯೆಟ್ನಾಮಿನವರ ಜೊತೆ, ಕೊರಿಯಾದವರ ಜೊತೆ, ಇಂಡಿಯಾದವರ ಜೊತೆ. ನಮ್ಮ ಕಾಶ್ಮೀರದವರಾದ ಭಾಷಾವಿಜ್ಞಾನಿ ಬ್ರಜ್ ಕಚ್ರೂ ಇಂಗ್ಲಿಷು ಈಗ ಒಂದಲ್ಲ, ಹಲವು ಅಂತ ಜೀವನವಿಡೀ ವಾದಿಸಿದರು. ಅವರ ಮಾತು ನನಗೆ ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಕ್ಲಾಸ್‌ರೂಮಿನಲ್ಲಿ ಚೆನ್ನಾಗಿ ಅರ್ಥವಾಯ್ತು. ಇನ್ನೊಂದು ವಿಷಯ. ವಿದೇಶಿ ಅಂದ್ರೆ ಇಂಗ್ಲಿಷ್ ಮಾತಾಡೋರು ಅಂತ ಅಲ್ಲಿನ ಮಕ್ಕಳಿಗೆ ಗಟ್ಟಿ ನಂಬಿಕೆ. ನಮ್ಮ ಪಕ್ಕದ ಇಜುಮೊ ನಗರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಬ್ರೆಜಿಲ್‌ನಿಂದ ಬಂದ ಕುಟುಂಬಗಳು ಎಷ್ಟೋ ಇವೆ. ಅವರ ಮನೆಮಾತು ಪೋರ್ಚುಗೀಸ್. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಈ ಮಾತೂ ಮಕ್ಕಳಿಗೆ ತಿಳೀಬೇಕು ಅಂತ ನನ್ನ ಹಟ.

ಮೇಷ್ಟ್ರು: ಆಯ್ತು, ಒಪ್ಪಿದೆ ಅಂತ ಹೇಳಲ್ಲ, ಮುಂದಕ್ಕೆ ಹೋಗು. ಹೈಸ್ಕೂಲ್ ಮಕ್ಕಳು ಹೇಗೆ?

ಶಿಷ್ಯೆ: ಪ್ರೈಮರಿಯಲ್ಲಿ ಕುಣಿದು ಕೂಗಿದ ಅದೇ ಮಕ್ಕಳು ಏಳನೇ ಕ್ಲಾಸಿಗೆ ಬಂದ ಮೇಲೆ ಒಬ್ಬೊಬ್ಬರಾಗಿ ಮೌನ ಆಗ್ತಾರೆ. ಒಂಬತ್ತಕ್ಕೆ ಬರೋ ಹೊತ್ತಿಗೆ ಕ್ಲಾಸೇ ಸ್ತಬ್ಧ. ಒಂದು ಪ್ರಶ್ನೆ ಕೇಳಿದ್ರೆ ಕೇಳಿಸಿಕೊಂಡವನು ಪಕ್ಕದವನ ಕಡೆ ತಿರುಗ್ತಾನೆ, ಇಬ್ಬರೂ ಪಿಸುಗುಟ್ಟಿ ಒಪ್ಪಿಕೊಂಡ ಮೇಲೆ ಒಂದು ಪದ ಹೊರಗೆ ಬರುತ್ತೆ. ಬರವಣಿಗೆ ಕೊಟ್ಟಾಗ ನೋಡಬೇಕು ನೀವು. ಉತ್ತರ ಬರೀತಾರೆ, ಕಾಯ್ತಾರೆ. ಟೀಚರ್ ಬೋರ್ಡಿನ ಮೇಲೆ ಸರಿ ಉತ್ತರ ಬರೆದ ತಕ್ಷಣ ರಬ್ಬರು ತಗೊಂಡು ತಮ್ಮದನ್ನ ಗುರುತೂ ಉಳೀದ ಹಾಗೆ ಅಳಿಸಿ, ಆ ಪುಡಿಯನ್ನ ಅಂಗೈಯಲ್ಲಿ ಒಟ್ಟುಮಾಡಿ, ಅದೇ ಜಾಗದಲ್ಲಿ ಸರಿಯಾದ್ದನ್ನ ಬರೆದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕ್ತಾರೆ. ಅಲ್ಲಿ ಸರಿ ಅನ್ನೋದಕ್ಕೆ ಸುತ್ತು, ನಮ್ಮ ರೈಟ್ ಗುರುತು ಹಾಕಿದ್ರೆ ತಪ್ಪು ಅಂತ ಅರ್ಥ. ಕೊನೆಗೆ ನೋಟ್‌ಬುಕ್ ತೆಗೆದು ನೋಡಿದ್ರೆ ಎಲ್ಲರದ್ದೂ ನೂರಕ್ಕೆ ನೂರು. ಯಾರಿಗೆ ಏನು ಗೊತ್ತಿಲ್ಲ ಅಂತ ತಿಳಿಯೋ ದಾರಿಯೇ ಇಲ್ಲ. ನಾನು ಅವರ ಹತ್ತಿರ ಬೇಡಿಕೊಳ್ಳೋದು ಒಂದೇ: ಅಳಿಸಬೇಡಿ, ಪಕ್ಕದಲ್ಲಿ ಬರೀರಿ. ಅಳಿಸದೆ ಬಿಟ್ಟ ತಪ್ಪಿಗೆ ಹೂವಿನ ದಳದ ಥರ ಸುತ್ತು ಬರೀತೀನಿ. ಅದು ಅಲ್ಲಿ ತುಂಬ ಚೆನ್ನಾಗಿ ಮಾಡಿದವರಿಗೆ ಮಾತ್ರ ಹಾಕೋ ಗುರುತು.

ಮೇಷ್ಟ್ರು: ಪರೀಕ್ಷೆ ಹತ್ತಿರ ಬಂದ್ರೆ ಎಲ್ಲ ಮಕ್ಕಳೂ ಮೌನ ಆಗ್ತಾರಮ್ಮ. ಅದನ್ನ ಜಪಾನಿನ ಗುಣ ಅನ್ನಬೇಡ.

ಶಿಷ್ಯೆ: ಖಂಡಿತ ಅನ್ನಲ್ಲ. ಕಡ್ಡಾಯ ಶಿಕ್ಷಣ ಒಂಬತ್ತು ವರ್ಷಕ್ಕೆ ಮುಗಿಯುತ್ತೆ. ಮುಂದಿನ ಸ್ಕೂಲಿಗೆ ಹದಿನೈದರ ಹುಡುಗ ಪ್ರವೇಶ ಪರೀಕ್ಷೆ ಬರೀಬೇಕು. ಅದಕ್ಕೆ ಹೆಚ್ಚಾಗಿ ಬೇಕಾಗಿರೋದು ಓದು, ವ್ಯಾಕರಣ. ಹೆಚ್ಚಿನ ಕಡೆ ಮಾತು ಬೇಕಿಲ್ಲ. ವಿಶ್ವವಿದ್ಯಾಲಯಗಳ ರಾಷ್ಟ್ರಮಟ್ಟದ ಪರೀಕ್ಷೆಗೆ ಕೇಳಿಸಿಕೊಂಡು ಉತ್ತರಿಸೋ ಭಾಗ ಸೇರಿಸಿದ್ದೇ 2006ರಲ್ಲಿ.

ಮೇಷ್ಟ್ರು: ವ್ಯಾಕರಣ ಅಂದ ತಕ್ಷಣ ಮುಖ ಯಾಕೆ ಹಾಗೆ ಮಾಡ್ತೀಯ? ರೆನ್ ಅಂಡ್ ಮಾರ್ಟಿನ್ ಹಿಡಿದು ನಾನು ಸುಮಾರು ವರ್ಷ ಪಾಠ ಮಾಡಿದೀನಿ. ಅದನ್ನ ಅರೆದು ಕುಡಿದವರು ಇವತ್ತು ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ ಕೆಲಸ ಮಾಡ್ತಿದ್ದಾರೆ. ಬರೀ ಹಾಡು, ಆಟ, ಚಪ್ಪಾಳೆ ಅಂದ್ರೆ ಮಗುವಿಗೆ ಬೆನ್ನುಮೂಳೆ ಎಲ್ಲಿಂದ ಬರಬೇಕು?

ಶಿಷ್ಯೆ: ಆ ಬೆನ್ನುಮೂಳೆ ನನಗೂ ನೀವೇ ಕೊಟ್ಟಿದ್ದು ಸರ್. ಮಕ್ಕಳ ಕ್ಲಾಸಿನಲ್ಲಿ ಅದು ಸುಮ್ಮನೆ ಒಳಗಿರುತ್ತೆ. ಅದು ಪೂರ್ತಿ ಉಪಯೋಗಕ್ಕೆ ಬರೋದು ದೊಡ್ಡವರ ಕ್ಲಾಸಿನಲ್ಲಿ. ಗುರುವಾರ ಸಂಜೆ ಊರಿನ ಸಮುದಾಯ ಭವನದಲ್ಲಿ ಎಂಟು ಹತ್ತು ಜನ ಸೇರ್ತಾರೆ. ಚಳಿಗಾಲದಲ್ಲಿ ಸೀಮೆಎಣ್ಣೆ ಸ್ಟೌವಿನ ಸುತ್ತ ಕುರ್ಚಿ ಹಾಕ್ಕೊಂಡು ಕೂರ್ತೀವಿ. ದೊಡ್ಡವರಿಗೆ ‘ಯಾಕೆ’ ಅಂತ ಹೇಳದೆ ಮುಂದಕ್ಕೆ ಹೋಗೋಕಾಗಲ್ಲ. ಕ್ರಿಯಾಪದ ಯಾಕೆ ಮಧ್ಯಕ್ಕೆ ಬಂತು, ‘ದಿ’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು? ನನ್ನ ಅದೃಷ್ಟ ನೋಡಿ. ‘ನಾನು ನಿನ್ನೆ ಪೇಟೆಯಲ್ಲಿ ಮೀನನ್ನು ಕೊಂಡೆ’ ಅನ್ನೋದನ್ನ ಜಪಾನಿಯಲ್ಲಿ ಹೇಳಿದ್ರೆ ‘ವತಾಶಿವ ಕಿನೋ ಇಚಿಬಾದೆ ಸಕಾನಾಒ ಕತ್ತಾ’. ಪದಕ್ಕೆ ಪದ ಅದೇ ಜಾಗ. ನಮ್ಮ ‘ಅಲ್ಲಿ’ ಇರೋ ಕಡೆ ಅವರ ‘ದೆ’, ನಮ್ಮ ‘ಅನ್ನು’ ಇರೋ ಕಡೆ ಅವರ ‘ಒ’. ಎರಡು ಭಾಷೆಯಲ್ಲೂ ‘ಎ’, ‘ದಿ’ ಇಲ್ಲ. ಕರ್ತೃವನ್ನ ನಾವೂ ಬಿಡ್ತೀವಿ, ಅವರೂ ಬಿಡ್ತಾರೆ. ಇಂಗ್ಲಿಷಿಗೆ ಹೋಗೋವಾಗ ಅವರು ಎಲ್ಲೆಲ್ಲಿ ಮುಗ್ಗರಿಸ್ತಾರೋ ಅಲ್ಲೆಲ್ಲ ಕನ್ನಡದವರೂ ಮುಗ್ಗರಿಸಿರ್ತೀವಿ. ಎಂಟನೇ ಕ್ಲಾಸಲ್ಲಿ ನೀವು ವಾಕ್ಯವನ್ನ ಚೀಟಿಗಳಲ್ಲಿ ಬರೆದು, ಕೊನೆಯ ಚೀಟಿ ತೆಗೆದು ಎರಡನೇ ಜಾಗಕ್ಕೆ ಇಡೋಕೆ ಹೇಳ್ತಿದ್ರಲ್ಲ, ಅದನ್ನೇ ಅಲ್ಲಿ ಮಾಡಿಸಿದೆ. ಬೇರೆ ದೇಶದ ಸಹೋದ್ಯೋಗಿಯೊಬ್ಬರು ಇದನ್ನ ಯಾವ ಪುಸ್ತಕದಿಂದ ತಗೊಂಡಿರಿ ಅಂತ ಕೇಳಿದರು.

ಮೇಷ್ಟ್ರು: ಏನು ಹೇಳಿದೆ?

ಶಿಷ್ಯೆ: ನಮ್ಮ ಮೇಷ್ಟ್ರದ್ದು ಅಂದೆ.

ಮೇಷ್ಟ್ರು: ಹೂಂ. ಆ ದೊಡ್ಡವರು ಯಾಕೆ ಕಲಿಯೋಕೆ ಬರ್ತಾರೆ? ಅವರಿಗೆ ಕೆಲಸ ಕೊಡೋದು ಇಂಗ್ಲಿಷ್ ಅಲ್ಲವಲ್ಲ.

ಶಿಷ್ಯೆ: ಒಬ್ಬೊಬ್ಬರದ್ದು ಒಂದೊಂದು ಕಾರಣ. ಒಬ್ಬರು ಸಾಫ್ಟ್‌ವೇರ್‌ನವರು. ರೂಬಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯನ್ನ 1995ರಲ್ಲಿ ಹೊರತಂದ ಯುಕಿಹಿರೊ ಮತ್ಸುಮೊತೊ ಮತ್ಸುಎಯಲ್ಲೇ ನೆಲೆಸಿರೋರು, ಅದರಿಂದ ಊರಲ್ಲಿ ಆ ಥರದ ಕಂಪನಿಗಳಿವೆ. ಇವರು ದಿನವೆಲ್ಲ ಇಂಗ್ಲಿಷ್ ಕಡತ ಓದ್ತಾರೆ. ಟೋಯಿಕ್ ಅನ್ನೋ ಪರೀಕ್ಷೆಯಲ್ಲಿ ಒಳ್ಳೆ ಅಂಕ. ಅದು ಎರಡು ಗಂಟೆ, 200 ಪ್ರಶ್ನೆ, ಒಟ್ಟು 990 ಅಂಕ. ಉತ್ತರಕ್ಕೆ ಗುರುತು ಹಾಕಿದರೆ ಆಯ್ತು, ಬಾಯಿ ತೆರೆಯೋ ಹಾಗೇ ಇಲ್ಲ. ಎಷ್ಟೋ ಕಂಪನಿಗಳು ಬಡ್ತಿಗೆ ಅದನ್ನೇ ನೋಡ್ತವೆ. ಅಷ್ಟು ಅಂಕ ತೆಗೆದ ಮನುಷ್ಯನಿಗೆ ‘ನಿಮ್ಮ ವಾರ ಹೇಗಿತ್ತು’ ಅಂತ ಕೇಳಿದ್ರೆ ಬೆವರು ಬರೋದು ನೋಡಿ ನನಗೆ ಸಂಕಟ ಆಗ್ತಿತ್ತು.

ಇನ್ನೊಬ್ಬರು ಎಪ್ಪತ್ತು ದಾಟಿದ ಅಜ್ಜಿ. ಮಗಳು ಕೆನಡಾದಲ್ಲಿ. ಮೊಮ್ಮಗನಿಗೆ ಏಳು ವರ್ಷ, ಅವನಿಗೆ ಜಪಾನಿ ಬರಲ್ಲ. ಭಾನುವಾರ ವಿಡಿಯೊ ಕರೆಯಲ್ಲಿ ಅಜ್ಜಿ ಕೈ ಬೀಸ್ತಾರೆ, ಅವನೂ ಬೀಸ್ತಾನೆ, ಅಷ್ಟೇ. ಅವರು ಮೊದಲ ದಿನವೇ ಹೇಳಿದ್ರು, ನನಗೆ ಪರೀಕ್ಷೆ ಬೇಡ, ಅವನು ‘ಎಸ್’, ‘ನೋ’ಗಿಂತ ಹೆಚ್ಚು ಮಾತಾಡೋ ಹಾಗೆ ನಾನು ಏನು ಕೇಳಬೇಕು ಅಂತ ಕಲಿಸಿಕೊಡಿ ಅಂತ. ಪ್ರತಿ ವಾರ ಎರಡೋ ಮೂರೋ ವಾಕ್ಯ ಸಿದ್ಧ ಮಾಡ್ಕೊಂಡು ಹೋಗೋರು. ಒಂದು ಸಲ ಮೊಮ್ಮಗನ ಹಲ್ಲು ಬಿತ್ತು. ಜಪಾನಿನಲ್ಲಿ ಕೆಳಗಿನ ಹಲ್ಲು ಬಿದ್ದರೆ ಮಾಡಿನ ಮೇಲೆ ಎಸೀತಾರೆ, ಮೇಲಿನದಾದರೆ ಮನೆಯ ನೆಲದಡಿಗೆ.

ಮೇಷ್ಟ್ರು: ನಾವು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೀತಿದ್ದೆವು!

ಶಿಷ್ಯೆ: ಅದನ್ನ ಹೇಳಿದಾಗ ಕ್ಲಾಸಿಗೆ ಕ್ಲಾಸೇ ಬೆರಗಾಯ್ತು. ಆ ಅಜ್ಜಿ ಭಾನುವಾರ ಮೊಮ್ಮಗನಿಗೆ ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ರಂತೆ, ನಾನು ಚಿಕ್ಕವಳಾಗಿದ್ದಾಗ ನನ್ನ ಹಲ್ಲು ಮಾಡು ಎಸೀತೀನಿ, ಅಂತ. ಭೂತಕಾಲ ಇರಲಿಲ್ಲ, ಮಾಡಿನ ‘ಮೇಲೆ’ಯೂ ಇರಲಿಲ್ಲ. ಹುಡುಗ ಪರದೆಗೆ ಮುಖ ಒತ್ತಿಕೊಂಡು ‘ವೈ?’ ಅಂದನಂತೆ. ಅವನು ಅಜ್ಜಿಗೆ ಕೇಳಿದ ಮೊದಲನೇ ಪ್ರಶ್ನೆ ಅದು. ಅವರ ಹತ್ತಿರ ಉತ್ತರಕ್ಕೆ ಭಾಷೆ ಇರಲಿಲ್ಲ, ‘ಮುಂದಿನ ವಾರ’ ಅಂದು ಗುರುವಾರ ನನ್ನ ಹತ್ತಿರ ಬಂದ್ರು. ಆ ಸಂಜೆ ಇಡೀ ಕ್ಲಾಸು ‘ಬಿಕಾಸ್’ ಕಲಿತದ್ದು ಅವರಿಗಾಗಿ. ಕೆಳಗಿನ ಹೊಸ ಹಲ್ಲು ಮೇಲಕ್ಕೆ ನೇರವಾಗಿ ಬೆಳೀಲಿ ಅಂತ, ಮೇಲಿನದು ಕೆಳಕ್ಕೆ ನೇರವಾಗಿ ಬೆಳೀಲಿ ಅಂತ. ಆ ಸಾಫ್ಟ್‌ವೇರ್‌ನವರು ಅಜ್ಜಿಯ ಎದುರು ಕೂತು ಮೊಮ್ಮಗನ ಪಾತ್ರ ಮಾಡಿದ್ರು. ಅವರು ನಿಲ್ಲಿಸದೆ ಮಾತಾಡಿದ್ದನ್ನ ನಾನು ಅವತ್ತೇ ಮೊದಲು ಕೇಳಿದ್ದು.

ಮೇಷ್ಟ್ರು: ತಪ್ಪು ಇಂಗ್ಲಿಷಿನಲ್ಲೇ ಆಯ್ತಲ್ಲ ಕೆಲಸ.

ಶಿಷ್ಯೆ: ಮತ್ಸುಎಯಲ್ಲಿ ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. ಲಾಫ್ಕಾಡಿಯೊ ಹರ್ನ್ ಅನ್ನೋ ಲೇಖಕ ಗ್ರೀಸಿನಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, 1890ರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಅಲ್ಲಿಗೆ ಬಂದರು. ಅವರಿದ್ದ ಮನೆಯನ್ನ ಈಗಲೂ ಜೋಪಾನವಾಗಿ ಇಟ್ಟಿದ್ದಾರೆ, ಹೊಸದಾಗಿ ಬಂದ ಇಂಗ್ಲಿಷ್ ಶಿಕ್ಷಕರನ್ನೆಲ್ಲ ಊರಿನವರು ಮೊದಲು ಅಲ್ಲಿಗೇ ಕರ್ಕೊಂಡು ಹೋಗ್ತಾರೆ. ಹೆಂಡತಿ ಸೆತ್ಸು ಮತ್ಸುಎಯವರೇ. ಅವರಿಗೆ ಇಂಗ್ಲಿಷ್ ಬರದು, ಇವರಿಗೆ ಜಪಾನಿ ಪೂರ್ತಿ ಬರದು. ವಿಭಕ್ತಿ ಬಿಟ್ಟು, ಪದಗಳನ್ನ ಹಿಂದೆ ಮುಂದೆ ಮಾಡಿ ಇಬ್ಬರೂ ಮನೆಯೊಳಗೇ ಒಂದು ಜಪಾನಿ ಕಟ್ಟಿಕೊಂಡಿದ್ದರು. ಆ ಮುರುಕು ಮಾತಿನಲ್ಲಿ ಸೆತ್ಸು ಹೇಳಿದ ಕಥೆಗಳಿಂದಲೇ 1904ರಲ್ಲಿ ‘ಕ್ವೈದಾನ್’ ಬಂತು. ಸರ್, ಆ ಕಥೆಯ ಮುಂದಿನ ಭಾಗ ನಿಮ್ಮ ಪ್ರಶ್ನೆಗೇ ಸಂಬಂಧಪಟ್ಟದ್ದು. ಹರ್ನ್ ಆಮೇಲೆ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸ್ತಿದ್ರು. 1903ರಲ್ಲಿ ಅವರ ಜಾಗಕ್ಕೆ ಬಂದವರು ಇಂಗ್ಲೆಂಡಿನವರೊಬ್ಬರೇ ಅಲ್ಲ, ಅವರಲ್ಲಿ ಜಪಾನೀಯರೇ ಆದ ನಾತ್ಸುಮೆ ಸೋಸೆಕಿ ಇದ್ದರು. ಅವರು ಮತ್ಸುಯಾಮದಲ್ಲಿ, ಕುಮಾಮೊತೊದಲ್ಲಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸಿ, ಲಂಡನ್ನಿನಲ್ಲಿ ಎರಡು ವರ್ಷ ಒಂಟಿಯಾಗಿ ಓದಿ ಬಂದವರು. ಹರ್ನ್ ಮೇಲೆ ಪ್ರಾಣ ಇಟ್ಟುಕೊಂಡಿದ್ದ ವಿದ್ಯಾರ್ಥಿಗಳಿಗೆ ಮೊದಲು ಸಿಟ್ಟೇ ಬಂತು. ಆದರೆ ಕಲಿತು ಬಂದವರೂ ಆ ಪೀಠದಲ್ಲಿ ಕೂರಬಹುದು ಅಂತ ಜಪಾನು ನೂರಿಪ್ಪತ್ತು ವರ್ಷದ ಹಿಂದೆಯೇ ತೋರಿಸಿದೆ.

ಮೇಷ್ಟ್ರು: ಇದು ನನಗೆ ಗೊತ್ತಿರಲಿಲ್ಲ. ಒಳ್ಳೇ ಮಾತು ಹೇಳಿದೆ. ಆದರೆ ನನ್ನ ತಲೆಯೊಳಗೆ ಇನ್ನೊಂದು ಕೊರೀತಾ ಇದೆ. ಅಲ್ಲಿ ಡಾಕ್ಟರಿಕೆ ಯಾವ ಭಾಷೆಯಲ್ಲಿ ಓದ್ತಾರೆ?

ಶಿಷ್ಯೆ: ಜಪಾನಿಯಲ್ಲಿ. ಎಂಜಿನಿಯರಿಂಗೂ, ಕಾನೂನೂ. ಕೋರ್ಟು, ಬ್ಯಾಂಕು, ಔಷಧಿ ಚೀಟಿ ಎಲ್ಲವೂ ಅವರ ಭಾಷೆಯಲ್ಲೇ. ಅದಕ್ಕೇ ‘ಇಂಗ್ಲಿಷ್ ಯಾಕೆ ಕಲೀಬೇಕು’ ಅಂತ ಹುಡುಗ ಕೇಳಿದ್ರೆ ಸುಲಭವಾದ ಉತ್ತರ ಇಲ್ಲ. ಪ್ರವೇಶ ಪರೀಕ್ಷೆ ದಾಟಿದ ಮೇಲೆ ಅದಿಲ್ಲದೆಯೂ ಅವನು ಡಾಕ್ಟರ್ ಆಗಬಹುದು. ಇಂಗ್ಲಿಷಿನಲ್ಲಿ ಅವರು ಹಿಂದಿದ್ದಾರೆ ಅಂತ ಆಡಿಕೊಳ್ಳೋರು ಇದನ್ನ ಮರೀತಾರೆ.

ಮೇಷ್ಟ್ರು: ನಮ್ಮಲ್ಲಿ ನೋಡು. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಒಂದು ವಿಷಯ ಅಂತ ತಂದರು. ಅದನ್ನ ನಾನು ಮನಸಾರೆ ಸ್ವಾಗತಿಸಿದೆ. ಅದನ್ನ ಚೆನ್ನಾಗಿ ಕಲಿಸೋ ಮೇಷ್ಟ್ರುಗಳನ್ನ ತಯಾರು ಮಾಡೋದು ಬಿಟ್ಟು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗವನ್ನೇ ತೆರೆದರು. ಸಸ್ಯ ಹೇಗೆ ಆಹಾರ ತಯಾರಿಸುತ್ತೆ ಅನ್ನೋದನ್ನ ಬರದ ಭಾಷೆಯಲ್ಲಿ ಉರು ಹೊಡೆದ ಮಗುವಿಗೆ ವಿಜ್ಞಾನವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ತಂದೆ ತಾಯಿಗಳನ್ನ ನಾನು ದೂರಲ್ಲ. ಇಲ್ಲಿ ಕೆಲಸ ಕೊಡೋದು ಇಂಗ್ಲಿಷೇ ಅಂತ ಅವರಿಗೆ ಗೊತ್ತು. ಆದರೆ ಭಾಷೆಯನ್ನ ಭಾಷೆಯಾಗಿ ಕಲಿಸಿದ್ರೆ ಸಾಕಿತ್ತು.

ಶಿಷ್ಯೆ: ನನಗೂ ಹಾಗೇ ಅನ್ಸುತ್ತೆ. ಅಲ್ಲಿ ಇಂಗ್ಲಿಷ್ ಕಲಿಸೋ ವ್ಯವಸ್ಥೆ ಇದೆ, ಬಳಸೋ ಅಗತ್ಯ ಇಲ್ಲ. ಇಲ್ಲಿ ಅಗತ್ಯ ಬೆಟ್ಟದಷ್ಟಿದೆ, ಕಲಿಸೋ ವ್ಯವಧಾನ ಇಲ್ಲ. ಆ ಬೆಟ್ಟದ ಬುಡದ ಸ್ಕೂಲಿನ ಮಗುವಿಗೆ ಇಂಗ್ಲಿಷ್ ಬರದಿದ್ರೆ ಅವಮಾನ ಆಗಲ್ಲ. ನಮ್ಮ ಮಗುವಿಗೆ ಆಗುತ್ತೆ. ಅದು ನನಗೆ ಅಲ್ಲಿದ್ದಾಗಲೂ ನೋಯುತ್ತೆ.

ಮೇಷ್ಟ್ರು: ಈ ಕಡೆಯ ಹುಡುಗ ಹುಡುಗಿಯರು ಒಂದಿಬ್ಬರು ನಿನ್ನ ಹಾಗೇ ಹೋಗಬೇಕು ಅಂತ ನನ್ನ ಹತ್ತಿರ ಬಂದಿದ್ದರು. ಏನು ಹೇಳಲಿ ಅವರಿಗೆ?

ಶಿಷ್ಯೆ: ಮೊದಲು ಕರಾರು ಪತ್ರ ಪೂರ್ತಿ ಓದೋಕೆ ಹೇಳಿ. ಶಿಕ್ಷಣ ಮಂಡಳಿಯೇ ನೇಮಿಸ್ತಿದೆಯೋ, ನಡುವೆ ಏಜೆನ್ಸಿ ಇದೆಯೋ ನೋಡಲಿ. ಕೆಲವು ಗುತ್ತಿಗೆಗಳಲ್ಲಿ ಕ್ಲಾಸ್ ಟೀಚರ್ ನಿಮಗೆ ನೇರವಾಗಿ ‘ಹೀಗೆ ಮಾಡಿ’ ಅಂತ ಹೇಳೋದಕ್ಕೂ ಕಾನೂನು ಅಡ್ಡ ಬರುತ್ತೆ. ಒಂದೇ ಕೋಣೆಯಲ್ಲಿ ಇಬ್ಬರು ನಿಂತು ಪಾಠ ಮಾಡೋವಾಗ ಅದೆಂಥ ಹಿಂಸೆ ಅಂತ ಹೋದ ಮೇಲೆ ಗೊತ್ತಾಗುತ್ತೆ. ಮನೆ, ವಿಮೆ, ಸಂಬಳ ಎಲ್ಲಾ ಒಂದೇ ಕಂಪನಿಯ ಕೈಯಲ್ಲಿ ಬಿಡಬಾರದು. 2007ರ ಅಕ್ಟೋಬರಿನಲ್ಲಿ ಜಪಾನಿನ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣೆ ಶಾಲೆಗಳ ಸರಣಿ ನೋವಾ ಮುಳುಗಿದಾಗ ಸಾವಿರಾರು ವಿದೇಶಿ ಶಿಕ್ಷಕರ ಸಂಬಳ ನಿಂತಿತು, ಕಂಪನಿ ಕೊಡಿಸಿದ ಮನೆಯಲ್ಲಿದ್ದ ಎಷ್ಟೋ ಜನಕ್ಕೆ ಮನೆಯೂ ಕೈಬಿಟ್ಟಿತು. ಹೋಗೋ ಮುಂಚೆ ಒಂದು ವರ್ಷವಾದರೂ ಜಪಾನಿ ಕಲೀಲಿ. ಕನ್ನಡ ಬರೋರಿಗೆ ಅದರ ವಾಕ್ಯ ಬೇಗ ಒಲಿಯುತ್ತೆ. ಇನ್ನೊಂದು ಮಾತು ಸರ್, ಇದನ್ನ ಮರೀದೆ ಹೇಳಿ. ಅಮೆರಿಕದವರ ಹಾಗೆ ನಾಲಿಗೆ ತಿರುಗಿಸೋಕೆ ದುಡ್ಡು ಕೊಟ್ಟು ಕ್ಲಾಸಿಗೆ ಹೋಗಬೇಡಿ. ನೀವು ಇಂಗ್ಲಿಷ್ ಕಲಿತಾಗಿನ ಹಳೇ ನೋಟ್‌ಬುಕ್ ಮನೆಯಲ್ಲಿ ಉಳಿದಿದ್ರೆ, ಅದನ್ನ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗಿ.